ಸಿಸ್ಟರಕ್ಕ ಒಡೆದ ನೆಲ

ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಎಲ್ಲರಿಗೂ ಇಷ್ಟವಂತೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕಿಟಕಿಗೆ ಮೂಗು ಹಚ್ಚಿ ನಿಂತು, ಕಣ್ಣು ಮುಚ್ಚಿ 'ಆಹಾ' ಅನ್ನುತ್ತಾರೆ. ಆ ಹೊತ್ತಿಗೆ ನಾನು ಏನಾದರೂ ನೆಪ ತೆಗೆದು ಹಾಜರಿ ಪುಸ್ತಕದೊಳಗೆ ತಲೆ ಹಾಕಿ ಕೂಡುತ್ತೇನೆ. ನನಗೆ ಸೇರುವ ವಾಸನೆ ಬೇರೆ. ಕುಷ್ಟಗಿಯಲ್ಲಿ ನಾನು, ಅವ್ವ ಇರುವ ಬಾಡಿಗೆ ಮನೆಯ ಎದುರಿಗೆ ಯಾರೋ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಬೆಳಗ್ಗೆ ಗೋಡೆಗೆ ಪೈಪಿನಿಂದ ನೀರು ಹೊಡೆಯುತ್ತಾರೆ. ಬಿಸಿಲು ತಾಗಿದ ಕೂಡಲೇ ಆ ಹಸಿ ಸಿಮೆಂಟಿನಿಂದ ಒಂದು ತಣ್ಣನೆಯ ವಾಸನೆ ಏಳುತ್ತದೆ ನೋಡಿ, ನಾನು ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತುಬಿಡುತ್ತೇನೆ. ಮೊನ್ನೆ ಅಲ್ಲಿನ ಗೌಂಡಿ ಕೇಳಿಯೇಬಿಟ್ಟ: "ಮೇಡಂ, ನೀವೂ ಮನಿ ಕಟ್ಟಸಾಕ ಹತ್ತೀರೇನ್ರಿ? ದಿನಾ ನೋಡ್ತೀರಿ."

"ಇಲ್ಲಪ್ಪ, ವಾಸನಿ ಕುಡಿಯಾಕ ನಿಂತೀನಿ" ಅಂದೆ. ಅವನು ನನ್ನನ್ನು ಒಂದು ಥರಾ ನೋಡಿದ. ಮಕ್ಕಳಿಗೆ ವಿಜ್ಞಾನ ಕಲಿಸುವ ಟೀಚರು ಹೀಗೆ ಅಂದರೆ ಯಾರಾದರೂ ಹಾಗೆಯೇ ನೋಡುತ್ತಾರೆ.

ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಕನಕಗಿರಿಯಿಂದ ಹುಲಿಹೈದರದ ಕಡೆ ಹೋಗುವಾಗ ದಾರಿ ಬಿಟ್ಟು ಒಳಗೆ ಹೋದರೆ ನಮ್ಮೂರು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅಲ್ಲಿ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ನಮ್ಮವೆಲ್ಲ ಮಣ್ಣಿನ ಮಾಳಿಗೆ ಮನೆಗಳು, ಜಂತಿಯ ಮೇಲೆ ಮಣ್ಣು ಹಾಸಿದ ಸಪಾಟು ಸೂರು. ಮಾಳಿಗೆಯ ಮಣ್ಣು ನೀರು ಕುಡಿದು ಕುಡಿದು ತೂಕವಾಯಿತು, ಜಂತಿಗಳು ನರಳತೊಡಗಿದವು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕೆರೆಯ ಏರಿ ಒಡೆದು ಕೆಳಗಿನ ಓಣಿಗೆ ನೀರು ನುಗ್ಗಿತು. ಅವ್ವ ಮೊದಲು ಓಡಿದ್ದು ಎಮ್ಮೆಯ ಹಗ್ಗ ಬಿಚ್ಚಲು. ನನ್ನನ್ನು ಕೂಗಿದ್ದು ಆಮೇಲೆ. ಅವ್ವ, ನಾನು, ಎಮ್ಮೆ ಮೂವರೂ ಹೊರಗೆ ಬಂದೆವು, ಹಿಂದೆಯೇ ಮನೆ ಕುಸಿದು ಕೂತಿತು. ಎದುರು ಮನೆಯ ಮುದುಕಿ ಮಾತ್ರ ಹೊರಗೆ ಬರಲಿಲ್ಲ.

ಎಮ್ಮೆಯ ಮಾತನ್ನು ನಾನು ಇವತ್ತಿಗೂ ಎತ್ತಿ ಆಡುತ್ತೇನೆ. "ನನ್ನಕಿಂತ ನಿನಗ ಎಮ್ಮೀನ ಹೆಚ್ಚಾತು ಅವತ್ತು."

"ನಿನಗ ಕಾಲು ಅದಾವ, ಬಾಯಿ ಐತಿ" ಅನ್ನುತ್ತಾಳೆ ಅವ್ವ. "ಅದನ್ನ ನಾನು ಕಟ್ಟಿ ಹಾಕಿದ್ದೆ. ಕಟ್ಟಿದಾಕಿನ ಬಿಚ್ಚಬೇಕಲ್ಲ?"



ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದುದರಿಂದ ಎಮ್ಮೆಗೆ ಚಂದ್ರಿ ಎಂದು ಹೆಸರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಅದರ ಹಾಲು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಕೇಳದವರಿಗೂ ಇದನ್ನು ಹೇಳುವ ಚಟ ನನಗಿದೆ. ಆದರೆ ಆ ಡಿಗ್ರಿ ಒಂದು ಎಮ್ಮೆಯ ನಾಲ್ಕು ಕಾಲಿನ ಮೇಲೆ ನಿಂತಿತ್ತು ಅನ್ನುವುದನ್ನು ಎಲ್ಲರಿಗೂ ಹೇಳುವುದಿಲ್ಲ.

ಊರಿನ ಮಂದಿಯೆಲ್ಲ ಶಾಲೆಯ ಕೋಣೆಗಳಲ್ಲಿ ಸೇರಿದೆವು. ಸರ್ಕಾರದ ಕಡೆಯಿಂದ ಬಂದವರು ಬಂದರು, ಬರೆದುಕೊಂಡವರು ಬರೆದುಕೊಂಡು ಹೋದರು. ಆಮೇಲೆ ಒಂದು ದಿನ ಕೆಸರು ಮೆತ್ತಿದ ಜೀಪಿನಿಂದ ಬಿಳಿ ಸೀರೆಯ ಮೂವರು ಇಳಿದರು. ಮಿಷನ್ನಿನವರು, ಬಿದ್ದ ಮನೆಗಳ ಬದಲು ಹೊಸ ಕಾಲನಿ ಕಟ್ಟಿಸಿಕೊಡಲು ಬಂದವರು. ಅವರಲ್ಲಿ ಹಿರಿಯವರು ಸಿಸ್ಟರ್ ಲೀನಾ, ಮಂಗಳೂರಿನ ಕಡೆಯವರು. ಗಿಡ್ಡ ಹೆಂಗಸು, ಗಂಡಸಿನ ಚಪ್ಪಲಿ, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಅಳತೆ ಟೇಪು. ಸಿಸ್ಟರ್ ಅಂದರೆ ಅಕ್ಕ ಅಂತ ನಾನು ಊರವರಿಗೆ ಜಂಬದಿಂದ ಅರ್ಥ ಹೇಳಿದೆ. ಅವರು ಎರಡನ್ನೂ ಕೂಡಿಸಿ 'ಸಿಸ್ಟರಕ್ಕ' ಮಾಡಿಬಿಟ್ಟರು.

ಅನುಮಾನ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೇಲಿನ ಓಣಿಯ ಹಿರಿಯರಾದ ಶಂಕ್ರಪ್ಪಜ್ಜ ಎಲ್ಲರ ಎದುರಿಗೇ ಕೇಳಿದರು: "ಮನಿ ಕೊಟ್ಟು ನಮ್ಮ ದೇವರನ್ನ ಬದಲಿ ಮಾಡಸ್ತೀರೇನ್ರಿ?"

ಸಿಸ್ಟರಕ್ಕ ಟೇಪು ಎಳೆಯುತ್ತಲೇ ಹೇಳಿದರು: "ಅಜ್ಜಾ, ನಿಮ್ಮ ದೇವರ ಜಗಲಿಗೆ ಎಷ್ಟು ಉದ್ದ ಬೇಕು, ಎಷ್ಟು ಎತ್ತರ ಬೇಕು? ನಾನು ಕೇಳಲಿಕ್ಕೆ ಬಂದದ್ದು ಅಷ್ಟೇ."

ಅಜ್ಜ ಕೈಯಗಲಿಸಿ ತೋರಿಸಿದರು. ಸಿಸ್ಟರಕ್ಕ ಅದನ್ನು ಬರೆದುಕೊಂಡರು. ಹೀಗೇ ಒಂದೊಂದು ಮನೆಯವರನ್ನೂ ಕೇಳಿ, ಯಾರ ದೇವರು ಯಾವ ದಿಕ್ಕಿಗೆ ಕೂಡಬೇಕು ಅನ್ನುವುದನ್ನೂ ಬರೆದುಕೊಂಡರು. ಊರು ಅವತ್ತೇ ಅವರಿಗೆ ಸೋತುಹೋಯಿತು.

ದೇವರಿಗೆ ಎಷ್ಟು ಜಾಗ ಅಂತ ಅಷ್ಟೊಂದು ಕೇಳಿದ ಸಿಸ್ಟರಕ್ಕ ದನಕ್ಕೆ ಎಲ್ಲಿ ಜಾಗ ಅಂತ ಕೇಳಲಿಲ್ಲ.

ಅವರ ತಪ್ಪೂ ಅಲ್ಲ. ಅವರ ಕಡೆ ದನದ ಹಟ್ಟಿ ಬೇರೆ, ಮನೆ ಬೇರೆ. ನಮ್ಮಲ್ಲಿ ಒಂದೇ ತಲೆಬಾಗಿಲು. ಒಳಗೆ ಬಂದ ಕೂಡಲೇ ತಗ್ಗಿನಲ್ಲಿ ದನ, ಒಂದು ಮೆಟ್ಟಿಲು ಮೇಲೆ ಮನುಷ್ಯರು, ನಡುವೆ ಮೇವು ಹಾಕುವ ಗ್ವಾದಲಿ. ಸಿಸ್ಟರಕ್ಕನ ನಕಾಶೆಯಲ್ಲಿ ಕಾಲನಿಯ ಕೊನೆಗೆ ಎಲ್ಲರ ದನಕ್ಕೂ ಸೇರಿ ಒಂದು ತಗಡಿನ ಶೆಡ್ಡು. ಮನೆ ಪಡೆಯುವವರು 'ಮನೆಯೊಳಗೆ ದನ ಕಟ್ಟುವುದಿಲ್ಲ' ಎಂದು ಒಪ್ಪಿ ಹೆಬ್ಬೆಟ್ಟು ಒತ್ತಬೇಕು. ಕಟ್ಟಿದರೆ ಮನೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

ಆ ಕಾಗದವನ್ನು ಎಲ್ಲರಿಗೂ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದ್ದು ಯಾರು ಅಂದುಕೊಂಡಿರಿ? ನಾನೇ! ಓದು ಬಂದವಳಲ್ಲವೇ? ಸೆಗಣಿ ವಾಸನೆ ಅಂಟಿದ ಬಟ್ಟೆಯಲ್ಲಿ ಕಾಲೇಜಿನ ಬೆಂಚಿನ ಮೇಲೆ ಕೂತು ಸಾಕಾಗಿತ್ತು ನನಗೆ. ಸ್ವಚ್ಛತೆಯ ಮೇಲೆ ಸಣ್ಣ ಭಾಷಣವನ್ನೂ ಬಿಗಿದೆ. ಅವ್ವ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ನನ್ನ ಮುಖ ನೋಡಿದಳು. "ಚಂದ್ರಿ ಊರ ಹೊರಗ ಮಲಗಬೇಕೇನು? ಗುಡ್ಡದಾಗ ಚಿರತಿ ಐತಿ" ಅಂದಳು. "ಸುಮ್ಮನ ಒತ್ತವ್ವಾ, ಮಂದಿ ನೋಡಾಕ ಹತ್ಯಾರ" ಅಂದೆ. ಒತ್ತಿದಳು.

ಆದರೆ ಮನೆ ಏಳುತ್ತಿದ್ದ ಆ ದಿನಗಳು! ಹೇಗೆ ಹೇಳಲಿ ನಿಮಗೆ! ಒಂದೊಂದು ಮನೆಯಿಂದ ಒಬ್ಬರು ದಿನಾ ಕೈಜೋಡಿಸಬೇಕು ಅನ್ನುವುದು ಮಿಷನ್ನಿನವರ ಪದ್ಧತಿ. ಸಿಸ್ಟರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಟ್ಟಿಗೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಇಟ್ಟಿಗೆ ಕೈಯಿಂದ ಕೈಗೆ ಹಾರುತ್ತಿತ್ತು. ಮೇಲಿನ ಓಣಿ, ಕೆಳಗಿನ ಓಣಿ ಅಂತ ಹೊಂದಿಸಿ ನಿಲ್ಲಿಸಲು ಆ ಸಾಲಿನಲ್ಲಿ ಪುರಸೊತ್ತೇ ಇರಲಿಲ್ಲ. ಮೊದಮೊದಲು ಕೈ ತಾಗಿದರೆ ಹಿಂದೆಗೆಯುತ್ತಿದ್ದವರು ಆಮೇಲೆ ಇಟ್ಟಿಗೆ ಬಿದ್ದರೆ ಬೈಯುವಷ್ಟು ಹತ್ತಿರವಾದರು. ಬೆಳಗ್ಗೆ ಕಾಲೇಜಿಗೆ ಹೋಗುವ ಮೊದಲು ಗೋಡೆಗೆ ನೀರು ಹೊಡೆಯುವುದು ನನ್ನ ಕೆಲಸ. ಗೋಡೆಗೆ ಹೊದಿಸಿದ ಗೋಣಿಚೀಲದ ಮೇಲೆ ನೀರು ಬಿದ್ದ ಕೂಡಲೇ ಆ ವಾಸನೆ! ನನ್ನ ಮನೆ, ಕರಗದ ಮನೆ ಅನ್ನಿಸುತ್ತಿತ್ತು. ಕಾಲೇಜಿನ ಬಸ್ಸಿನಲ್ಲಿ ಅಂಗೈ ಮೂಸುತ್ತಾ ಕೂಡುತ್ತಿದ್ದೆ.

ಬೇಸಿಗೆ ಕಳೆಯುವ ಹೊತ್ತಿಗೆ ಮೊದಲ ಸಾಲಿನ ಹತ್ತು ಮನೆ ಮುಗಿದವು. ನಮ್ಮದು ಆರನೆಯದು. ನಾನು ಪಿಯುಸಿ ಪಾಸಾಗಿದ್ದೆ, ಗಂಗಾವತಿಯಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಚಂದ್ರಿ ತುಂಬಿದ ಗಬ್ಬ. ಅದು ಈದು ಹಾಲು ಕೊಟ್ಟರೆ ನಾನು ಹಾಸ್ಟೆಲಿಗೆ. ಇಲ್ಲವಾದರೆ ಅವ್ವನೊಂದಿಗೆ ದೂರದ ಊರಿಗೆ ದುಡಿಯಲು ಗುಳೇ ಹೋಗುವುದು ಅಂತ ನಿಶ್ಚಯವಾಗಿತ್ತು.

ಗೃಹಪ್ರವೇಶದ ದಿನ ಬೆಳಗ್ಗೆ ಅವ್ವ ಚಂದ್ರಿಗೆ ಮೈ ತೊಳೆದು, ಕೊಂಬಿಗೆ ಅರಿಶಿನ ಹಚ್ಚಿ ಕರೆತಂದಳು. ಶಂಕ್ರಪ್ಪಜ್ಜ ನಕ್ಕರು. "ಏ ತಂಗಿ, ಮನಿಯೊಳಗ ಮೊದಲ ಹೊಗಿಸೂದು ಆಕಳನ್ನ. ಎಮ್ಮಿ ಹೊಗಿಸಿದವರನ್ನ ಎಲ್ಲೆರ ನೋಡಿಯೇನು?"

"ಯಜ್ಜಾ, ಆಕಳ ಬಂದು ಆರತಿ ಮಾಡಿಸ್ಕೊಂಡು ಹೋಗ್ತೈತಿ. ನನ್ನ ಮಗಳ ಫೀ ಅದು ಕಟ್ಟತೈತೇನು? ಕಟ್ಟೂದು ಇದು. ಇದ ಹೋಗಲಿ ಒಳಗ."

ಸಿಸ್ಟರಕ್ಕನಿಗೆ ಖುಷಿಯೋ ಖುಷಿ. "ಹೋಗಲಿ, ಹೋಗಲಿ. ಒಂದು ಸುತ್ತು ಬಂದು ಹೊರಗೆ ಹೋಗಲಿ" ಅಂದರು. ಅವ್ವ ನನ್ನ ಕಿವಿಯಲ್ಲಿ ಅಂದಳು: "ಮೊದಲ ಒಳಗ ಹೋಗಲಿ. ಹೊರಗ ಬರೂದು ಆಮ್ಯಾಲ ನೋಡೂಣು."

ಈಗ ನೆಲದ ಮಾತು. ಗೌಂಡಿ ಮೌಲಾಸಾಬ ಕಾಕಾ ಆ ನೆಲವನ್ನು ಎರಡು ದಿನ ಕರಣೆಯಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದರು. ನಾನು ಅದರ ಮೇಲೆ ಬಗ್ಗಿ ಜಡೆ ಸರಿಮಾಡಿಕೊಂಡಿದ್ದೇನೆ, ನಂಬಿ. ಅವತ್ತು ಅದನ್ನು ತೊಳೆದೂ ಇಟ್ಟಿದ್ದೆವು. ಚಂದ್ರಿ ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿತು, ಮುಂಗಾಲು ಎರಡೂ ಅತ್ತಿತ್ತ ಜಾರಿದವು, ಹಿಂಗಾಲು ಸೀಳಿದವು. ಧೊಪ್ಪೆಂದು ಹೊಟ್ಟೆಯ ಮೇಲೆ ಬಿತ್ತು. ಗೋಡೆ ಬಿದ್ದ ದಿನವೂ ಅಂಥ ಸದ್ದು ನಾನು ಕೇಳಿರಲಿಲ್ಲ. ಏಳಲು ಹೋದಷ್ಟೂ ಗೊರಸು ಜಾರುತ್ತಿತ್ತು. ಗೋಣಿಚೀಲ ಹಾಕಿದರೆ ಚೀಲವೇ ಜಾರಿತು. ಮಣ್ಣು ಚೆಲ್ಲಿದರೆ ನೀರಿಗೆ ಕೆಸರಾಯಿತು. "ಇನ್ನೊಮ್ಮಿ ಜಾರಿದ್ರ ಸೊಂಟ ಮುರೀತೈತಿ, ಕರೂ ಹೋಗ್ತೈತಿ" ಅಂತ ಯಾರೋ ಅಂದರು. ಅವ್ವ ಎಮ್ಮೆಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು. ನನ್ನ ಕಣ್ಣಮುಂದೆ ಗಂಗಾವತಿ ಕರಗುತ್ತಿತ್ತು.

"ನೆಲ ಒಡೆಯಿರಿ!" ಸಿಸ್ಟರಕ್ಕ ಕೂಗಿದರು.

ಮೌಲಾಸಾಬ ಕಾಕಾ ನಿಂತಲ್ಲೇ ನಿಂತರು. "ಸಿಸ್ಟರಕ್ಕ, ಎರಡು ದಿನ ತಿಕ್ಕೀನ್ರಿ. ಕನ್ನಡಿ ಆಗೇತ್ರಿ ಅದು."

"ಕನ್ನಡಿ ಆದದ್ದೇ ತಪ್ಪು ಮಾರಾಯರೇ. ಕೊಡಿ ಇಲ್ಲಿ ಉಳಿ!"

ಮುಂದಿನದನ್ನು ನೋಡಲು ನೀವು ಇರಬೇಕಿತ್ತು. ಆ ಹೆಂಗಸು ಬಿಳಿ ಸೀರೆಯಲ್ಲೇ ಸೆಗಣಿ ಕೆಸರಿನಲ್ಲಿ ಮೊಣಕಾಲೂರಿ, ಎಮ್ಮೆಯ ಗೊರಸಿನ ಪಕ್ಕದಲ್ಲಿ ಉಳಿ ಇಟ್ಟು ಸುತ್ತಿಗೆ ಬೀಸಿದರು. ಸಿಮೆಂಟಿನ ಚೂರು ಚಿಟಿಲೆಂದು ಹಾರಿತು. ಎಮ್ಮೆ ಒದ್ದರೆ ಮುಖ ಉಳಿಯುವುದಿಲ್ಲ ಅನ್ನುವ ಹೆದರಿಕೆಯೂ ಇಲ್ಲ! ಎರಡು ಏಟು ನೋಡಿದ ಮೌಲಾಸಾಬ ಕಾಕಾ "ಯಾ ಅಲ್ಲಾ" ಅಂತ ಇನ್ನೊಂದು ಉಳಿ ಹಿಡಿದು ಎದುರಿಗೆ ಕೂತರು. ಶಂಕ್ರಪ್ಪಜ್ಜ ಬಾಗಿಲಲ್ಲಿ ನಿಂತು "ಹಿಂಗಾಲ ಕಡೆ, ಹಿಂಗಾಲ ಕಡೆ ಹೊಡೀರಿ!" ಅಂತ ಅಪ್ಪಣೆ ಕೊಡತೊಡಗಿದರು. ನಾನು ಚೂರು ಬಳಿದೆ, ಬೂದಿ ಸುರಿದೆ. ನಾಲ್ಕು ಗೊರಸಿನ ಅಡಿಯೂ ನೆಲ ಒರಟಾಯಿತು. ಹೊಟ್ಟೆಯ ಕೆಳಗೆ ಗೋಣಿಪಟ್ಟಿ ತೂರಿಸಿ ಎಂಟು ಜನ ಎತ್ತಿದರು. ಅವ್ವ ಕಿವಿಯ ಹತ್ತಿರ ಬಗ್ಗಿ "ಏಳ ನಮ್ಮವ್ವ" ಅಂದಳು.

ಚಂದ್ರಿ ಎದ್ದಿತು! ನಾಲ್ಕು ಕಾಲಿನ ಮೇಲೆ ನಿಂತಿತು, ನಿಂತು ಅಲ್ಲೇ ಸೆಗಣಿ ಹಾಕಿತು. ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ಸೆಗಣಿಗೆ ಚಪ್ಪಾಳೆ ಬಿದ್ದದ್ದನ್ನು ನಾನು ಅವತ್ತೇ ನೋಡಿದ್ದು. ಎಲ್ಲರಿಗಿಂತ ಜೋರಾಗಿ ಹೊಡೆದವಳೂ ನಾನೇ.

ಆಮೇಲೆ ಸಿಸ್ಟರಕ್ಕ ಮೆಟ್ಟಿಲ ಮೇಲೆ ಕೂತರು. ಅಂಗೈ ಬೊಬ್ಬೆ ಎದ್ದಿತ್ತು. "ಅಮ್ಮಾ, ದನ ಒಳಗೇ ಇರಬೇಕು ಅಂತ ಮೊದಲೇ ಯಾಕೆ ಹೇಳಲಿಲ್ಲ?"

"ಕೊಡಾಕ ಬಂದವರ ಮುಂದ ಹೆಂಗ ಬಾಯಿ ತಗೀಬೇಕ್ರಿ? ಹಿಂಗ ಬ್ಯಾಡ ಅಂದ್ರ ಮನೀನ ಬ್ಯಾಡಾತು ಅಂತ ತಿಳಕೊಂಡೀರಿ ಅಂತ ಅಂಜಿದ್ವಿ."

ಸಿಸ್ಟರಕ್ಕ ಚೀಲದಿಂದ ನಮ್ಮ ಹೆಬ್ಬೆಟ್ಟಿನ ಕಾಗದ ತೆಗೆದು, ಮಗುಚಿ, ಖಾಲಿ ಬೆನ್ನು ಮೇಲೆ ಮಾಡಿ ಪೆನ್ನು ತೆರೆದರು. "ಈಗ ಬೈಯಿರಿ. ಒಂದೂ ಬಿಡದೆ ಹೇಳಿ."

ಅವ್ವ ಮೊದಲು ನಾಚಿದಳು. ಒಂದು ಹೇಳಿದಳು, ಎರಡು ಹೇಳಿದಳು, ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. "ಮಾಳಗಿ ಬದಲಿ ತಗಡು ಇಳಿಜಾರ ಹಾಕೀರಿ, ಮೆಣಸಿನಕಾಯಿ ನಿಮ್ಮ ತಲಿಮ್ಯಾಲ ಒಣಗಸಬೇಕೇನು? ಶಾವಿಗಿ ಎಲ್ಲಿ ಹಾಕೂದು? ದೀಪ ಇಡಾಕ ಗ್ವಾಡ್ಯಾಗ ಗೂಡಿಲ್ಲ. ಒಲಿ ಮೂಲ್ಯಾಗ ಇಟ್ಟೀರಿ, ರೊಟ್ಟಿ ಬಡಿಯಾಕಿ ಮೊಣಕೈ ಎಲ್ಲಿ ಆಡಸಬೇಕು?" ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಕೂತರು. ಸಿಸ್ಟರಕ್ಕನ ಚಹಾ ಆರಿತು, ಕಾಗದ ತುಂಬಿತು. ಅವರು ನಗುತ್ತಾ ಬರೆದರು, ಒಮ್ಮೆ ಕಣ್ಣೊರೆಸಿಕೊಂಡದ್ದನ್ನೂ ನಾನು ನೋಡಿದೆ.

ಮುಂದಿನ ಸಾಲಿನ ಮನೆಗಳನ್ನು ಕಟ್ಟುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಿಂದ ಪೂರ್ತಿ ಅಳತೆಯ ಮನೆ ಬರೆದರು. ಹೆಂಗಸರು ಆ ಗೆರೆಗಳೊಳಗೆ ನಡೆದು, ಕೂತು, ಇಲ್ಲದ ಒಲೆಯ ಮುಂದೆ ರೊಟ್ಟಿ ಬಡಿದು ನೋಡಿ, ಸರಿಯಿಲ್ಲ ಅಂದ ಕಡೆ ಕಾಲಿನಿಂದ ಗೆರೆ ಅಳಿಸಿದರು. ದನಕ್ಕಾಗಿ ಮುಂದಿನ ಭಾಗ ತಗ್ಗು, ಅಲ್ಲಿಗೆ ಒರಟು ಬಂಡೆಗಲ್ಲು, ಮೇಲೆ ಸಪಾಟು ಮಾಳಿಗೆ. ನಮ್ಮ ಮನೆಯ ಒಡೆದ ನೆಲವನ್ನು ಮೌಲಾಸಾಬ ಕಾಕಾ ಹಾಗೇ ತಗ್ಗು ಮಾಡಿ ಚಂದ್ರಿಗೆ ಬಿಟ್ಟರು. ಹದಿನೈದು ದಿನಕ್ಕೆ ಅದು ಹೆಣ್ಣು ಕರು ಹಾಕಿತು. ನಾನು ಗಂಗಾವತಿಯ ಬಸ್ಸು ಹತ್ತಿದೆ.

ಮೊನ್ನೆ ಭಾನುವಾರ ಸಿಸ್ಟರಕ್ಕನ ಫೋನು ಬಂತು. ಘಟ್ಟದ ಆಚೆ ಎಲ್ಲೋ ಗುಡ್ಡ ಕುಸಿದ ಊರಿನಲ್ಲಿದ್ದಾರೆ. ವಯಸ್ಸಾಗಿದೆ, ದನಿ ಮಾತ್ರ ಅದೇ. "ಮಗಳೇ, ಇಲ್ಲಿ ಸುಣ್ಣದ ಗೆರೆ ಹಾಕಿ ಹೆಂಗಸರನ್ನು ನಡೆಸುತ್ತಿದ್ದೇನೆ. ಎಂತ ಕೇಳಿದರೂ ಕೈಮುಗಿದು ಚೆನ್ನಾಗಿದೆ ಅಂತಾರೆ. ನನಗೆ ಹೆದರಿಕೆ ಆಗ್ತದೆ ಮಾರಾಯ್ತಿ. ನಿನ್ನ ಅಮ್ಮನನ್ನು ನಾಲ್ಕು ದಿನ ಕರ್ಕೊಂಡು ಬಾ. ಇವರ ಎದುರಿಗೆ ಅವರು ನನ್ನನ್ನು ಒಮ್ಮೆ ಬೈಯಬೇಕು."

ಮೊದಲಿನ ನಾನಾಗಿದ್ದರೆ ಅವ್ವನಿಗೆ ಏನೂ ಹೇಳದೆ, ನಾನೇ ಹೋಗಿ ಭಾಷಣ ಮಾಡಿ ಬರುತ್ತಿದ್ದೆನೇನೋ. ಈ ಸಲ ಫೋನನ್ನು ಅವಳ ಕೈಗೆ ಕೊಟ್ಟೆ. ಮಾತು ಮುಗಿಸಿದವಳೇ ಸಂದೂಕದಿಂದ ಇಳಕಲ್ ಸೀರೆ ತೆಗೆದಳು. ನಾನು ರಜೆಯ ಅರ್ಜಿ ಬರೆದಿದ್ದೇನೆ, ನಾಳೆ ಬೆಳಗ್ಗೆ ಬಸ್ಸು.

"ಅವ್ವಾ, ಅಲ್ಲಿ ಭಾಷಾ ಬ್ಯಾರೆ. ನಿನ್ನ ಮಾತು ಅವರಿಗೆ ತಿಳಿಯಂಗಿಲ್ಲ" ಅಂದೆ.

ಅವ್ವ ರೊಟ್ಟಿಯ ಗಂಟು ಬಿಗಿಯುತ್ತಾ ಅಂದಳು: "ತಿಳಿಯೂದೇನೈತಿ? ನಾನು ಆಕಿನ್ನ ಬೈಯೂದು ನೋಡ್ತಾರ. ಆಕಿ ನಕ್ಕೊಂತ ಬರಕೊಳ್ಳೂದು ನೋಡ್ತಾರ. ಆಮ್ಯಾಲ ಅವರ ಬಾಯಿ ಅವರ ತಗೀತಾರ."