ಮೂಲೆಯಲ್ಲಿಟ್ಟ ಲೇತು
ತಮಿಳು ಸೀಮೆಯ ನೇಕಾರರ ಊರು ಸೋಮನೂರಿನಲ್ಲಿ ಮಗ್ಗ ಮಾರಿದವರು ಸುಮ್ಮನೆ ಕೂರುವುದಿಲ್ಲ. ವೆಲ್ಲಿಂಗಿರಿಯಪ್ಪನವರ ಹಾಗೆ ಏನಾದರೊಂದು ಹೂಡಿಕೊಳ್ಳುತ್ತಾರೆ. ಖಾಲಿಯಾದ ಮಗ್ಗದ ಶೆಡ್ಡಿಗೆ ಅವರು ಮರ ಕಡೆಯುವ ಲೇತು ತಂದು ವರ್ಷವಾಯಿತು. ಅಂದಿನಿಂದ ಅದನ್ನು ಹೂಡುವುದೇ ಅವರ ಕೆಲಸ. ಬೆಳಿಗ್ಗೆ ಕಾಫಿ ಲೋಟವನ್ನು ಲೇತಿನ ಮೇಲಿಟ್ಟು ತುಳುಕುತ್ತದೆಯೇ ಎಂದು ನೋಡುತ್ತಾರೆ, ಕಾಲಡಿಗೆ ಒಂದು ರಟ್ಟು ತುರುಕುತ್ತಾರೆ, ಮಧ್ಯಾಹ್ನ ಅದನ್ನೇ ತೆಗೆಯುತ್ತಾರೆ. ಉಳಿಗಳನ್ನು ಮಸೆದು ಮಸೆದು ಅರ್ಧ ಮಾಡಿದ್ದಾರೆ. ಮಗ್ಗದ ಸದ್ದಿನ ನಡುವೆ ನಲವತ್ತು ವರ್ಷ ಮಾತಾಡಿದ ಗಂಟಲು ಈಗಲೂ ಕೂಗಿಯೇ ಹೇಳುತ್ತದೆ: "ಮೊದಲು ಲೆವಲ್ ಆಗ್ಲಿ ತಾಯೀ!" ತಾಯಿ ಎಂದರೆ ಹೆಂಡತಿ ಚಿನ್ನತಾಯಿ, ಅವರು ಒಂದು ಲಟ್ಟಣಿಗೆ ಕೇಳಿಯೂ ವರ್ಷವಾಯಿತು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಲೇತು ಮಾತ್ರ ಕತ್ತಲ ಮೂಲೆಯಲ್ಲಿದೆ. ನಡುವಿನ ಬೆಳಕಿನ ಜಾಗದಲ್ಲಿ, ಕೊನೆಯ ಮಗ್ಗವನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳು ನೆಲದಿಂದ ಎದ್ದು ನಿಂತಿವೆ. ಶುಕ್ರವಾರ ಶುಕ್ರವಾರ ವೆಲ್ಲಿಂಗಿರಿಯಪ್ಪನವರ ಕೈಯಿಂದ ಅವುಗಳಿಗೆ ಎಣ್ಣೆ ಬೀಳುತ್ತದೆ. ಮೊನ್ನೆ ಚಿನ್ನತಾಯಿ ಒಂದಕ್ಕೆ ಎಡವಿ ಗಂಡನನ್ನು ಕೂಗಿದರು: "ಏನುಂಗೋ, ಕಾಲೇ ಪೋಚ್ಚು, ಹೋಯ್ತು ಕಾಲು! ಇದ್ನ ಕತ್ತರಿಸಿ ಬಿಸಾಕಿ. ಮಾರಿದ ಮಗ್ಗ ಇನ್ನೇನು ನಡ್ಕೊಂಡು ಬತ್ತದಾ?" ವೆಲ್ಲಿಂಗಿರಿಯಪ್ಪ ಮೊದಲ ಸಲ ಮೆಲ್ಲಗೆ ಮಾತಾಡಿದರು: "ಅದು ಇರ್ಲಿ ತಾಯೀ." ಆ ಮಧ್ಯಾಹ್ನವೇ, ಲೆವಲ್ ನೋಡದೆ, ಲೇತು ತಿರುಗಿತು. ಸಂಜೆಯ ಹೊತ್ತಿಗೆ ಬೇವಿನ ಮರದ ನಾಲ್ಕು ಗುಂಡನೆಯ ಟೊಪ್ಪಿಗಳು ಬೋಲ್ಟುಗಳ ತಲೆಯ ಮೇಲೆ ಕೂತಿದ್ದವು. ಚಿನ್ನತಾಯಿ ಕುಂಟುತ್ತ ಬಂದು ನೋಡಿದರು. ಲಟ್ಟಣಿಗೆಯ ಮಾತೆತ್ತಲಿಲ್ಲ, ಬಗ್ಗಿ, ಸಡಿಲವಾಗಿದ್ದ ಒಂದು ಟೊಪ್ಪಿಯನ್ನು ಅಂಗೈಯಿಂದ ಒತ್ತಿ ಕೂರಿಸಿದರು.