ಹಿಂದಿನಿಂದ ಓದಿದ ಹುಲಿ

ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಕಂಡರೆ ಲೋಕಕ್ಕೆಲ್ಲ ಖುಷಿ, ನನಗೆ ಮಾತ್ರ ಎದೆ ಡವಡವ. ಇದನ್ನು ನಾನು ಯಾರೆದುರಿಗೂ ಬಾಯಿ ಬಿಟ್ಟು ಹೇಳಿಲ್ಲ, ನೀವು ಹತ್ತಿರದವರೆಂದು ಹೇಳುತ್ತಿದ್ದೇನೆ. ರಾಯಚೂರಿನ ಒಂದು ಓಣಿಯಲ್ಲಿ ನನ್ನದೊಂದು ಬಾಲವಾಡಿ ಇದೆ. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ, ಗಾರೆ ಕೆಲಸಕ್ಕೆ, ಅಂಗಡಿಗಳಿಗೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗುತ್ತಾರೆ, ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ನಡುವಿನ ಹೊತ್ತಿನಲ್ಲಿ ಅವರೆಲ್ಲ ನನ್ನ ಸುಪರ್ದಿಗೆ. ನಾನೋ, ಹುಟ್ಟಾ ಅಂಜುಬುರುಕಿ.

ಉಳಿದವರಿಗೆ ಋತು ಬದಲಾದರೆ ನನಗೆ ಅಂಜಿಕೆ ಬದಲಾಗುತ್ತದೆ. ನಮ್ಮೂರ ಬೇಸಿಗೆಯಲ್ಲಿ ಮಗು ಅರ್ಧ ಗಂಟೆ ಸುಮ್ಮನೆ ಕೂತರೆ ಸಾಕು, ಬಿಸಿಲು ಬಡಿಯಿತೇನೋ ಎಂದು ಹಣೆ ಮುಟ್ಟಿ ನೋಡುತ್ತೇನೆ. ಮಳೆಗಾಲದಲ್ಲಿ ಚಪ್ಪಲಿಗಳನ್ನು ಒಂದೊಂದಾಗಿ ಕೊಡವಿ ಚೇಳು ಹುಡುಕುತ್ತೇನೆ. ಸಂಕ್ರಾಂತಿಯ ಕಬ್ಬಿನ ಸಿಬರು, ಯುಗಾದಿಯ ಬೇವಿನ ಕಡ್ಡಿ, ರಂಜಾನಿನ ಸುರಕುಂಬಾ ಪಾಯಸದಲ್ಲಿ ತೇಲುವ ಒಣ ಖಾರೀಕಿನ, ಅಂದರೆ ಉತ್ತತ್ತಿಯ ತುಂಡು, ವರ್ಷದ ಉದ್ದಕ್ಕೂ ಗಂಟಲಿಗೆ ಸಿಕ್ಕಿಕೊಳ್ಳುವ ಪದಾರ್ಥಗಳೇ. ಹಬ್ಬಗಳನ್ನು ಗೊತ್ತು ಮಾಡುವಾಗ ನಮ್ಮ ಹಿರಿಯರು ಮೂರು ವರ್ಷದವರನ್ನು ಒಂದು ಮಾತು ಕೇಳಿದಂತೆ ಕಾಣುವುದಿಲ್ಲ.

ಆದರೂ ಹಬ್ಬ ಬಿಡುವಂತಿಲ್ಲ. ಯಾವ ಮಗುವಿನ ಮನೆಯಲ್ಲಿ ಯಾವ ಹಬ್ಬವೋ ಅದು ಬಾಲವಾಡಿಯಲ್ಲೂ ಆಗಬೇಕು ಎಂಬ ನಿಯಮವನ್ನು ಬಹಳ ಧೈರ್ಯದಿಂದ ಮಾಡಿದವಳೂ ನಾನೇ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಕೊಟ್ಟರೆ ಅರ್ಧ ಮಕ್ಕಳು ಎತ್ತು ಮಾಡಿದರು, ಇನ್ನರ್ಧ ಮಕ್ಕಳು ಜೆಸಿಬಿ ಮಾಡಿದರು. ನಮ್ಮ ಸುವಾರ್ತಮ್ಮ ಎರಡಕ್ಕೂ ಕುಂಕುಮ ಹಚ್ಚಿದಳು. ಸುವಾರ್ತಮ್ಮ ಮಾನ್ವಿಯ ಕಡೆಯವಳು. ನಮ್ಮಲ್ಲಿ ಅಡುಗೆ ಮಾಡುತ್ತಾಳೆ, ಮಕ್ಕಳ ಮೂಗು ಒರೆಸುತ್ತಾಳೆ, ನನಗೆ ಆಗಾಗ ಧೈರ್ಯ ಹೇಳುತ್ತಾಳೆ. ಬುದ್ಧ ಪೂರ್ಣಿಮೆಯ ದಿನ ಪಟದ ಮುಂದೆ ಎಲ್ಲರನ್ನೂ ಕೂರಿಸಿ, ಇವರು ಯಾಕೆ ಕಣ್ಣು ಮುಚ್ಚಿದ್ದಾರೆ ಎಂದು ಕೇಳಿದೆ. ಊಟ ಆದ ಮೇಲೆ ಮಲಗಲೇಬೇಕೆಂದು ಅಕ್ಕೋರು ಹೇಳಿರಬೇಕು ಎಂದು ಒಂದು ಮಗು ಉತ್ತರ ಕೊಟ್ಟಿತು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಆ ಉತ್ತರದಲ್ಲಿ ನನ್ನ ಮೇಲೆ ಒಂದು ದೂರಿತ್ತು, ನಾನು ಕೇಳಿಸದವಳ ಹಾಗೆ ಇದ್ದುಬಿಟ್ಟೆ.

ಇನ್ನು ಪುಸ್ತಕಗಳು. ಒಬ್ಬ ಪುಣ್ಯಾತ್ಮರು ತಮ್ಮ ಮೊಮ್ಮಕ್ಕಳು ಓದಿ ಬಿಟ್ಟ ಚಿತ್ರದ ಪುಸ್ತಕಗಳನ್ನು ಪೆಟ್ಟಿಗೆ ತುಂಬ ಕೊಟ್ಟಿದ್ದರು. ಚೆಂದದ ಪುಸ್ತಕಗಳೇ. ಆದರೆ ಎಲ್ಲದರಲ್ಲೂ ಇಳಿಜಾರು ಸೂರಿನ ಮನೆ, ಕೆಂಪು ಕೆನ್ನೆಯ ಮಕ್ಕಳು, ರಾಶಿ ರಾಶಿ ಹಿಮ. ಹಿಮದ ಪುಟ ತೆರೆದರೆ ಜಿನ್ನಿಂಗಿಗೆ ಹೋಗುವವರ ಮಕ್ಕಳಿಗೆ ಅನುಮಾನವೇ ಇರಲಿಲ್ಲ. "ಹತ್ತಿ ಚೆಲ್ಯಾರ" ಎಂದರು. ಇಷ್ಟು ಹತ್ತಿ ಬೀದಿಗೆ ಬಿಟ್ಟು ಮನೆಯವರೆಲ್ಲ ಒಳಗೆ ಬೆಂಕಿ ಕಾಯಿಸುತ್ತ ಕೂತಿರುವುದನ್ನು ನೋಡಿ, ಕಿಡಿ ಹಾರಿದರೆ ಏನು ಗತಿ ಎಂದು ಅವರ ಜೊತೆ ನಾನೂ ಗಾಬರಿಯಾದೆ. ಪುಸ್ತಕದಲ್ಲಿ ಮಕ್ಕಳು ಮೊದಲು ಹುಡುಕುವುದು ತಮ್ಮ ಮನೆಯವರನ್ನು. ಅಮ್ಮ ಎಲ್ಲಿ, ಅಪ್ಪ ಎಲ್ಲಿ, ನಮ್ಮ ಮೇಕೆ ಎಲ್ಲಿ ಎಂದು ಪುಟದ ಮೇಲೆ ಬೆರಳಾಡಿಸುತ್ತವೆ. ಸಿಗದಿದ್ದರೆ ಪುಸ್ತಕ ಬಿಟ್ಟು ಎದ್ದು ಹೋಗುತ್ತವೆ.

ಸಾನಿಯಾ ಎಂಬ ಹುಡುಗಿಯೊಬ್ಬಳು ಮಾತ್ರ ಎದ್ದು ಹೋಗುತ್ತಿರಲಿಲ್ಲ. ಆದರೆ ಅವಳು ಯಾವ ಪುಸ್ತಕ ಕೊಟ್ಟರೂ ಹಿಂದಿನ ರಟ್ಟಿನಿಂದ ತೆರೆಯುತ್ತಿದ್ದಳು. ಮನೆಯಲ್ಲಿ ಅವಳ ದಾದಿ, ಅಂದರೆ ಅಪ್ಪನ ಅಮ್ಮ, ಉರ್ದು ಅಕ್ಷರಮಾಲೆಯ ಕಾಯಿದೆ ಪುಸ್ತಕ ಹಿಡಿದು ಅಲಿಫ್, ಬೇ ಹೇಳಿಕೊಡುತ್ತಿದ್ದರು. ಅದು ತೆರೆಯುವುದೇ ಆ ಕಡೆಯಿಂದ. ನಾನು ಪ್ರತಿ ಸಲ ಪುಸ್ತಕವನ್ನು ನೆಟ್ಟಗೆ ಮಾಡಿ ಕೈಗೆ ಕೊಡುತ್ತಿದ್ದೆ, ಅವಳು ಪ್ರತಿ ಸಲ ಮತ್ತೆ ಹೊರಳಿಸುತ್ತಿದ್ದಳು. ಬರಹ ಯಾವ ದಿಕ್ಕಿಗೆ ಹರಿಯಬೇಕು ಎಂಬುದರಲ್ಲಿ ಲೋಕಕ್ಕೇ ಒಮ್ಮತ ಇದ್ದಂತಿಲ್ಲ. ಎಡದಿಂದ ಬಲಕ್ಕೆ ಬರೆದವರಿದ್ದಾರೆ, ಬಲದಿಂದ ಎಡಕ್ಕೆ, ಮೇಲಿಂದ ಕೆಳಕ್ಕೆ ಬರೆದವರೂ ಇದ್ದಾರೆ. ಹಿಂದಿನ ಕಾಲದ ಕೆಲವರು ನೇಗಿಲು ಹೊಡೆದಂತೆ ಒಂದು ಸಾಲು ಅತ್ತ, ಮುಂದಿನ ಸಾಲು ಇತ್ತ ಬರೆಯುತ್ತಿದ್ದರಂತೆ. ಅಷ್ಟೆಲ್ಲ ದೂರ ಯಾಕೆ, ದೇವದುರ್ಗದಲ್ಲಿ ನನ್ನ ಅಜ್ಜ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವನು, ಕನ್ನಡ ಅಕ್ಷರ ತಿದ್ದಿದ್ದು ಮೀಸೆ ಬಂದ ಮೇಲೆ. ಪುರಾಣದ ಪುಸ್ತಕವನ್ನೂ ಬಲಗಡೆಯಿಂದಲೇ ತೆರೆಯುತ್ತಿದ್ದ. ಕೊನೆಯ ಮಂಗಳ ಮೊದಲು ಓದಿ, ಎಲ್ಲ ಸುಖವಾಗಿ ಮುಗಿಯುತ್ತದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೊದಲ ಪುಟಕ್ಕೆ ಬರುತ್ತಿದ್ದ. ಇಂಥ ಅಜ್ಜನ ಮೊಮ್ಮಗಳಾಗಿಯೂ ನಾನು ಸಾನಿಯಾಳ ಪುಸ್ತಕ ನೆಟ್ಟಗೆ ಮಾಡುವ ಚಟ ಬಿಡಲಿಲ್ಲ.

ಈಗ ನನ್ನ ಎಲ್ಲ ಅಂಜಿಕೆಗಳ ಅಪ್ಪನಂಥ ಹಬ್ಬಕ್ಕೆ ಬರುತ್ತೇನೆ. ಮೊಹರಂ ಬಂದರೆ ನಮ್ಮ ಕಡೆ ಹರಕೆ ಹೊತ್ತವರು ಹುಲಿ ವೇಷ ಹಾಕುತ್ತಾರೆ. ಮೈಗೆಲ್ಲ ಹಳದಿ ಬಣ್ಣ, ಅದರ ಮೇಲೆ ಕಪ್ಪು ಪಟ್ಟೆ, ತಲೆಗೆ ಕಿವಿ, ಸೊಂಟಕ್ಕೆ ಬಾಲ. ಹಲಗೆ ಬಡಿತಕ್ಕೆ ಓಣಿ ಓಣಿ ಕುಣಿಯುತ್ತಾರೆ. ಚಿಕ್ಕವಳಿದ್ದಾಗ ದೇವದುರ್ಗದಲ್ಲಿ ಹಲಗೆ ಸಪ್ಪಳ ಕೇಳಿದರೆ ನಾನು ಜೋಳದ ಚೀಲದ ಸಂದಿಗೆ ಸೇರಿಬಿಡುತ್ತಿದ್ದೆ. ಈಗ ತಲೆ ನರೆತಿದೆ, ಆ ಸಪ್ಪಳಕ್ಕೆ ಕಾಲು ಈಗಲೂ ಸಂದಿಯನ್ನೇ ಹುಡುಕುತ್ತದೆ.

ನಮ್ಮಲ್ಲಿ ಮಲ್ಲೇಶ ಎಂಬ ಮೂರು ವರ್ಷದ ಹುಡುಗನಿದ್ದ. ಅವನ ಅಪ್ಪ ಯಂಕಪ್ಪ ಕುರ್ಡಿ ಊರಿನವನು, ಶಕ್ತಿನಗರದ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ. ಸಂಜೆ ಬಸ್ಸಿಳಿದು ನೇರ ಬಾಲವಾಡಿಗೆ ಬರುತ್ತಿದ್ದ. ಹುಬ್ಬಿನ ಮೇಲೆ ಬೂದಿ ಕೂತಿರುತ್ತಿತ್ತು, ಮಲ್ಲೇಶ ಅದನ್ನು ಎರಡೂ ಕೈಯಿಂದ ಒರೆಸಿ ಆಮೇಲೆ ಹೆಗಲೇರುತ್ತಿದ್ದ. ಈ ಮಗು ಹುಟ್ಟಿದಾಗ ಅಂಗೈಯಷ್ಟಿತ್ತಂತೆ, ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಆಗ ಯಂಕಪ್ಪ ಮೊಹರಂನಲ್ಲಿ ಕೂರಿಸುವ ಪೀರಲ ದೇವರಿಗೆ ಬೇಡಿಕೊಂಡ: ಮಗ ಉಳಿದರೆ ಐದು ವರ್ಷ ಹುಲಿಯಾಗುತ್ತೇನೆ.

ಹೋದ ವರ್ಷದ ಮೊಹರಂನಲ್ಲಿ ಅವನು ಮಗನಿಗೆ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ವೇಷದೊಂದಿಗೆ ನಮ್ಮ ಬಾಗಿಲಿಗೇ ಬಂದ. ಕಟ್ಟೆ ಮೇಲೆ ಹಾರಿ ಗರ್ಜಿಸಿದ. ಮಕ್ಕಳಲ್ಲಿ ಕೆಲವು ನಕ್ಕವು, ಕೆಲವು ಕಿರುಚಿದವು. ನಾನು ಬಾಗಿಲ ಹಿಂದೆ ಇದ್ದೆ. ಹುಲಿ ಹೋದ ಮೇಲೆ ತಲೆ ಎಣಿಸಿದರೆ ಮಲ್ಲೇಶ ಇಲ್ಲ.

ಆ ಹೊತ್ತಿನ ಅಂಜಿಕೆಯನ್ನು ಹೇಗೆ ಹೇಳಲಿ? ಅಡುಗೆಮನೆ, ಬಚ್ಚಲು, ಹಿತ್ತಲು ಎಲ್ಲ ನೋಡಿದ್ದಾಯಿತು. ಓಣಿಗೆ ಓಡಿದೆ. ಗಟಾರದಲ್ಲಿ ಬಗ್ಗಿ ನೋಡಿದೆ. ಅವನ ತಾಯಿಗೆ ಏನೆಂದು ಹೇಳಬೇಕು ಎಂಬ ಮಾತು ಬಾಯೊಳಗೆ ತಾನಾಗಿ ತಯಾರಾಗುತ್ತಿತ್ತು, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಕಡೆಗೆ ಸುವಾರ್ತಮ್ಮ ಮೂಲೆಯಲ್ಲಿ ಸುತ್ತಿಟ್ಟ ಜಮಖಾನದಿಂದ ಎರಡು ಸಣ್ಣ ಪಾದ ಹೊರಗಿರುವುದನ್ನು ಕಂಡಳು. ಹುಡುಗ ಸುರುಳಿಯೊಳಗೆ ನುಸುಳಿಕೊಂಡು ಚಡ್ಡಿ ತೋಯಿಸಿಕೊಂಡು ಮಲಗಿದ್ದ. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹಬ್ಬ ಮುಗಿದು ಯಂಕಪ್ಪ ಸೀಮೆಎಣ್ಣೆ, ಸಾಬೂನು ಹಾಕಿ ಮೈ ಉಜ್ಜಿಕೊಂಡು, ಒಗೆದ ಅಂಗಿ ತೊಟ್ಟು ಬಂದ. ಮಲ್ಲೇಶ ಮುಖ ನೋಡಿ ನಕ್ಕು ಹತ್ತಿರ ಹೋದ. ಎತ್ತಿಕೊಂಡಾಗ ಅಪ್ಪನ ಕಿವಿಯ ಹಿಂದೆ ಚೂರು ಹಳದಿ ಉಳಿದಿದ್ದು ಹುಡುಗನ ಕಣ್ಣಿಗೆ ಬಿತ್ತು. ಆ ಕೂಗು ಓಣಿಗೆಲ್ಲ ಕೇಳಿಸಿತು. ಅಲ್ಲಿಂದ ಮುಂದೆ ಅಪ್ಪ ಬಂದರೆ ಹುಡುಗ ಸುವಾರ್ತಮ್ಮನ ಸೀರೆಯೊಳಗೆ. ಮಗ ತನ್ನ ಹೆಗಲೇರಿ ಬಹಳ ದಿನವಾಯಿತು ಎಂದು ಯಂಕಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಹೇಳಿದ.

"ಅಕ್ಕೋರ, ಇವ ಉಳೀಲಿ ಅಂತ ಹುಲಿ ಆದೆ. ಈಗ ಇವನ ನನ್ನ ಕಂಡ್ರ ಓಡ್ತಾನ. ಹರಕಿ ಬಿಡಬೇಕಂದ್ರ ದೇವ್ರ ಅಂಜಿಕಿ, ಮಾಡಬೇಕಂದ್ರ ಇವನ ಅಂಜಿಕಿ. ಇನ್ನಾ ಎರಡು ವರ್ಸ ಬಾಕಿ ಅದರಿ. ಏನ್ ಮಾಡ್ಲಿ ನೀವ ಹೇಳ್ರಿ."

ಅಂಜಿಕೆಯ ವಿಷಯದಲ್ಲಿ ಸಲಹೆ ಕೇಳಲು ಊರಿಗೆಲ್ಲ ನಾನೊಬ್ಬಳೇ ಸಿಕ್ಕೆ ಅವನಿಗೆ. ಆದರೂ ಒಂದು ಉಪಾಯ ಹೊಳೆಯಿತು. ವೇಷ ಹಾಕುವಾಗ ಅವನ ಗೆಳೆಯ ಮೊಬೈಲಿನಲ್ಲಿ ಫೋಟೋ ತೆಗೆದಿದ್ದ. ಅವನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ತೆಗೆಸಿ, ರಟ್ಟಿಗೆ ಅಂಟಿಸಿ, ದಾರ ಪೋಣಿಸಿ ಪುಸ್ತಕ ಮಾಡಿದೆ. ಮೊದಲ ಪುಟದಲ್ಲಿ ಯಂಕಪ್ಪ ಬನಿಯನ್ನಿನಲ್ಲಿ ಕೂತು ಚಾ ಕುಡಿಯುತ್ತಿದ್ದಾನೆ. ಆಮೇಲೆ ಹಳದಿ ಮೈ, ಆಮೇಲೆ ಪಟ್ಟೆ, ಆಮೇಲೆ ಕಿವಿ ಮತ್ತು ಬಾಲ, ಕೊನೆಗೆ ಬಾಯಿ ತೆರೆದು ಕುಣಿಯುವ ಹುಲಿ. ಹತ್ತಿಯೂ ಹಿಮವೂ ಇಲ್ಲದ, ನಮ್ಮ ಓಣಿಯದೇ ಪುಸ್ತಕ. ನನಗೆ ಬಹಳ ಹೆಮ್ಮೆಯಾಗಿತ್ತು.

ಮಲ್ಲೇಶನನ್ನು ಪಕ್ಕ ಕೂರಿಸಿಕೊಂಡು ಓದಿದೆ. ಮೊದಲ ಪುಟಕ್ಕೆ ಅವನ ಮುಖ ಅರಳಿತು. ಎರಡನೆಯದಕ್ಕೆ ನನ್ನ ಬೆರಳು ಹಿಡಿದ. ಪಟ್ಟೆ ಬರುವ ಹೊತ್ತಿಗೆ ಎದ್ದು ಓಡಿದ್ದ. ಮರುದಿನವೂ ಅದೇ, ಮುಂದಿನ ವಾರವೂ ಅದೇ. ನನ್ನ ಪುಸ್ತಕದಲ್ಲಿ ಪುಟ ತಿರುವಿದಂತೆಲ್ಲ ಆ ಕೂಸಿನ ಕಣ್ಣೆದುರೇ ಅಪ್ಪ ಕಡಿಮೆಯಾಗುತ್ತಿದ್ದ, ಹುಲಿ ಹೆಚ್ಚಾಗುತ್ತಿತ್ತು. ಅಷ್ಟು ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ. ಪುಸ್ತಕವನ್ನು ಕಪಾಟಿನಲ್ಲಿ ಸೇರಿಸಿ, ಮುಂದಿನ ಮೊಹರಂ ಎಂದು ಬರುತ್ತದೋ ಎಂದು ಅಂಜುತ್ತ ಕೂತೆ. ಆ ಹಬ್ಬ ವರ್ಷ ವರ್ಷ ಹತ್ತು ಹನ್ನೊಂದು ದಿನ ಮೊದಲೇ ಬರುವಂಥದ್ದು, ನನಗೆ ಪೂರ್ತಿ ಒಂದು ವರ್ಷದ ಪುರಸೊತ್ತೂ ಕೊಡಲಿಲ್ಲ.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದಾಗ ಸಾನಿಯಾ ಎದ್ದು ಕಪಾಟಿನಿಂದ ಅದನ್ನೇ ತೆಗೆದಳು. ಎಂದಿನಂತೆ ಹಿಂದಿನಿಂದ ತೆರೆದಳು. ಸ್ವಲ್ಪ ದೂರದಲ್ಲಿ ಮಲ್ಲೇಶ ಎಚ್ಚರವಾಗಿಯೇ ಮಲಗಿದ್ದ.

"ಇದು ಹುಲಿ. ಕುಣಿದು ಕುಣಿದು ಸಾಕಾತು," ಎಂದು ಅವಳು ಗೋಡೆಗೆ ಕತೆ ಹೇಳತೊಡಗಿದಳು. "ಬಾಲ ಬಿಚ್ಚಿ ಇಟ್ಟಿತು. ಕಿವಿ ತೆಗೀತು. ಕರೀದು ತೊಳಕೊಂತು. ಹಳದಿ ತೊಳಕೊಂತು. ಆಮ್ಯಾಲ ಮಲ್ಲೇಶನ ಅಪ್ಪ ಆಗಿ ಚಾ ಕುಡೀತು."

ನಾನು ಅಭ್ಯಾಸಬಲದಿಂದ ಪುಸ್ತಕ ನೆಟ್ಟಗೆ ಮಾಡಲು ಎದ್ದಿದ್ದೆ. ಸುವಾರ್ತಮ್ಮ ನನ್ನ ಸೆರಗು ಹಿಡಿದು ಎಳೆದಳು. "ಸುಮ್ನ ಕುಂದರ್ರಿ ಅಕ್ಕೋರ" ಎಂದಳು. ಮಲ್ಲೇಶ ತೆವಳುತ್ತ ತೆವಳುತ್ತ ಸಾನಿಯಾಳ ಮೊಣಕಾಲಿನ ತನಕ ಬಂದಿದ್ದ.

"ಹೊಳ್ಳಿ ಹೇಳು" ಎಂದ.

ಅವಳು ಹೊಳ್ಳಿ ಹೇಳಿದಳು. ಎಷ್ಟು ಸಲವೋ ಹೇಳಿದಳು. ಅಂದು ಸಂಜೆ ಯಂಕಪ್ಪ ಬಂದಾಗ ಹುಡುಗ ಬಾಗಿಲ ಚೌಕಟ್ಟು ಬಿಡದೆ ದೂರದಿಂದಲೇ ವಿಚಾರಿಸಿದ: "ಚಾ ಕುಡದಿ?" ಯಂಕಪ್ಪನಿಗೆ ಏನೂ ತಿಳಿಯಲಿಲ್ಲ, ಇಲ್ಲ ಎಂದ. ಸುವಾರ್ತಮ್ಮ ಓಡಿ ಹೋಗಿ ಚಾ ತಂದುಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಹುಡುಗ ಗಮನವಿಟ್ಟು ನೋಡಿದ. ಆಮೇಲೆ ಹತ್ತಿರ ಹೋಗಿ ಎರಡೂ ಕಿವಿಯ ಹಿಂದೆ ಪರೀಕ್ಷೆ ಮಾಡಿ, ಹುಬ್ಬಿನ ಬೂದಿ ಒರೆಸಿದ. ಯಂಕಪ್ಪ ಅಲ್ಲಾಡದೆ ಕೂತಿದ್ದ, ಕಣ್ಣು ತುಂಬಿದ್ದರೂ ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಆವತ್ತಿನಿಂದ ಯಂಕಪ್ಪ ಬಂದರೆ ಮೊದಲು ಚಾ, ಆಮೇಲೆ ಮಗ.

ಫೋಟೋದ ಹುಲಿಯ ಮಾತು ಬೇರೆ, ಓಣಿಯಲ್ಲಿ ನಿಂತ ಹುಲಿಯ ಮಾತು ಬೇರೆ. ಈ ವರ್ಷ ಮೊಹರಂ ಬಂದಾಗ ನನಗೆ ಅನ್ನ ಸೇರಲಿಲ್ಲ. ಬರಲೋ ಬೇಡವೋ ಎಂದು ಯಂಕಪ್ಪ ಹೇಳಿ ಕಳಿಸಿದ. ಬೇಡ ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಸುವಾರ್ತಮ್ಮ, "ಹಲಗಿ ಬಿಟ್ಟು ಬಾ ಅಂತ ಹೇಳ್ರಿ" ಎಂದುಬಿಟ್ಟಳು.

ಬಂದ. ಹಲಗೆಯವರನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ, ಗರ್ಜನೆ ಗಿರ್ಜನೆ ಏನಿಲ್ಲದೆ, ಕಟ್ಟೆಯಿಂದ ಮಾರು ದೂರದಲ್ಲಿ ಕೈ ಕಟ್ಟಿ ನಿಂತ. ಹಾಗೆ ನಿಂತ ಹುಲಿಯನ್ನು ನಾನೆಂದೂ ನೋಡಿರಲಿಲ್ಲ. ಮಲ್ಲೇಶ ಬಾಗಿಲಲ್ಲಿದ್ದ. ಹುಲಿಯನ್ನು ಒಮ್ಮೆ ನೋಡಿದ, ತಿರುಗಿ ಒಳಗೆ ಓಡಿದ. ಅಷ್ಟೇ, ಮುಗಿಯಿತು ಅಂದುಕೊಂಡೆ. ಯಂಕಪ್ಪನ ಹಳದಿ ಭುಜ ಎರಡೂ ಕುಸಿದವು. ನಾನು ಜಮಖಾನದ ಮೂಲೆಗೆ ಓಡಿದೆ, ಅಲ್ಲಿ ಪಾದಗಳಿರಲಿಲ್ಲ.

ಅವನು ಅಡುಗೆಮನೆಯಿಂದ ಬರುತ್ತಿದ್ದ. ಸುವಾರ್ತಮ್ಮ ತನಗೆಂದು ಬಸಿದಿಟ್ಟುಕೊಂಡಿದ್ದ ಚಾ ಲೋಟ ಅವನ ಎರಡೂ ಕೈಯಲ್ಲಿತ್ತು. ಚಾ ಆರಿತ್ತು, ಅದನ್ನು ನಾನು ಎಲ್ಲಕ್ಕಿಂತ ಮೊದಲು ಗಮನಿಸಿದೆ. ಅಂಜುಬುರುಕರ ಕಣ್ಣು ಹೋಗುವುದೇ ಅಲ್ಲಿಗೆ. ಹುಡುಗನಿಗೆ ಅಳು ಬರುತ್ತಿತ್ತು, ಹೆಜ್ಜೆಗೊಮ್ಮೆ ಚಾ ತುಳುಕುತ್ತಿತ್ತು. ನಾನು ಬಾಗಿಲ ಮರೆಗೆ ಸರಿದೆ. ಅವನು ಕಟ್ಟೆ ಇಳಿದು, ಮುಖ ಪಕ್ಕಕ್ಕೆ ತಿರುಗಿಸಿ, ಲೋಟವನ್ನು ಕೈ ಉದ್ದ ಮಾಡಿ ಹುಲಿಯ ಮುಂದೆ ಹಿಡಿದ.

"ಕುಡಿ, ಅಪ್ಪಾ. ಲಗೂನ ಅಪ್ಪ ಆಗಿಬಿಡು."

ಹುಲಿ ಮೊಣಕಾಲೂರಿ ಕೂತಿತು. ತೆಗೆದುಕೊಳ್ಳುವಾಗ ಮಗ ಚೆಲ್ಲಿ ಉಳಿಸಿದ್ದನ್ನು ಅಪ್ಪ ಚೆಲ್ಲಿದ. ತಳದಲ್ಲಿ ಒಂದು ಗುಟುಕು ಉಳಿದಿತ್ತು, ಅದನ್ನು ಕುಡಿಯಿತು. ಬಣ್ಣ ಹೋಗಲಿಲ್ಲ. ಮಲ್ಲೇಶ ಕಣ್ಣ ತುದಿಯಿಂದ ನೋಡುತ್ತ ಅಲ್ಲಿಯೇ ನಿಂತಿದ್ದ, ಅಂಜುತ್ತಲೇ ನಿಂತಿದ್ದ, ಓಡಲಿಲ್ಲ. ಅಂಜಿಕೆ ಹೋದ ಮೇಲೆ ಧೈರ್ಯ ಬರುತ್ತದೆಂದು ನಂಬಿಕೊಂಡು ನಾನು ಇಷ್ಟು ವರ್ಷ ಕಾದಿದ್ದೆ. ಈ ಹುಡುಗ ಕಾಯಲಿಲ್ಲ.

"ಇನ್ನಾ ಅಪ್ಪ ಆಗಿಲ್ಲ" ಎಂದು ಅವನು ನಮ್ಮ ಕಡೆ ತಿರುಗಿ ದೂರು ಹೇಳಿದ. ನಾನು ಬಾಗಿಲ ಮರೆಯಿಂದ ಹೊರಗೆ ಬಂದು, ಇನ್ನೊಂದು ಲೋಟ ಚಾಕ್ಕೆ ಇಡು ಎಂದು ಸುವಾರ್ತಮ್ಮನಿಗೆ ಹೇಳಿದೆ.