ಲಾಂಚಿನಿಂದ ಇಳಿದದ್ದಕ್ಕೆ ನಾನು ಅಪರಾಧಿಯಾದೆ

ಹೊಳೆ ದಾಟಿಸುವ ಲಾಂಚಿನ ಇಂಜಿನ್ ಆಫ್ ಮಾಡಿ ನಾನು ಜೆಟ್ಟಿಗೆ ಇಳಿದೆ.

ಮಂಗಳೂರಿನ ಹಳೆ ಬಂದರು, ಎಂಬತ್ತಮೂರನೇ ಇಸವಿಯ ಮಳೆಗಾಲ, ಮಧ್ಯಾಹ್ನ ಮೂರು ಗಂಟೆ. ಜೋರು ಮಳೆಯಿಂದ ಎರಡು ದಿನ ಲಾಂಚ್ ನಿಂತಿತ್ತು. ಆಚೆ ದಡಕ್ಕೆ ಹೋಗುವವರೆಲ್ಲ ಒಂದೇ ಸಲ ಬಂದು ಹತ್ತಿದ್ದರು.

ನಲವತ್ತು ಜನ ಹಿಡಿಯುವ ಲಾಂಚಿನಲ್ಲಿ ಎಪ್ಪತ್ತರ ಹತ್ತಿರ ಜನ. ಹೊಳೆ ಕೆಂಪಾಗಿ ತುಂಬಿತ್ತು, ನೀರು ಸಮುದ್ರದ ಕಡೆಗೆ ಎಳೆಯುತ್ತಿತ್ತು. ಮೂವತ್ತು ಜನ ಇಳಿಯದೆ ಹೊರಡುವುದಿಲ್ಲ ಎಂದು ನಾನು ಧಣಿಗೆ ಹೇಳಿದೆ.

ಧಣಿ ಎಂದರೆ ಲಾಂಚಿನ ಮಾಲೀಕ. ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ನಿನ್ನನ್ನು ಶಿಪ್ಪಿನಿಂದ ಯಾಕೆ ಓಡಿಸಿದ್ದು ಅಂತ ಈಗ ಗೊತ್ತಾಯಿತು ಮಾರಾಯ."

ಜನ ನಕ್ಕರು.

ನನ್ನನ್ನು ಯಾರೂ ಓಡಿಸಿರಲಿಲ್ಲ. ಹನ್ನೊಂದು ವರ್ಷ ಫಾರಿನ್ ಶಿಪ್ಪಿನಲ್ಲಿ ದುಡಿದವ ನಾನು. ಕೊನೆಗೆ ಬೋಸನ್ ಆಗಿದ್ದೆ, ಡೆಕ್ಕಿನ ಕೆಲಸಗಾರರಿಗೆಲ್ಲ ಮೇಸ್ತ್ರಿ ಇದ್ದ ಹಾಗೆ. ಮಂಗಳೂರಿನ ಕುಲಶೇಖರದಲ್ಲಿದ್ದ ನನ್ನ ಮನೆಗೆ ನಾನಾಗಿಯೇ ಬಂದಿದ್ದೆ.

ಕಾರಣ ಬಹಳ ಸಣ್ಣದು. ನನ್ನ ಹೆಂಡತಿ ಲೀನಾ ನರ್ಸ್. ಮಗಳಿಗೆ ಆಗ ಎರಡು ವರ್ಷ. ಮಗುವನ್ನು ನೋಡಿಕೊಳ್ಳುತ್ತಿದ್ದ ಲೀನಾಳ ಅಕ್ಕ ಕುವೈತಿಗೆ ಹೊರಟರು. ಲೀನಾಳ ಕೆಲಸ ಪರ್ಮನೆಂಟ್ ಆಗುವ ಹೊತ್ತು ಅದು. ಅವಳು ರಾಜೀನಾಮೆ ಬರೆಯುತ್ತೇನೆ ಎಂದು ಕಾಗದ ಹಾಕಿದ್ದಳು.

ಆ ಕಾಗದ ನನಗೆ ಸಿಂಗಾಪುರದಲ್ಲಿ ಸಿಕ್ಕಿತು. ರಾಜೀನಾಮೆ ಬೇಡ, ನಾನೇ ಬರುತ್ತೇನೆ ಎಂದು ಟೆಲಿಗ್ರಾಂ ಕೊಟ್ಟೆ. ಮುಂದಿನ ಪೋರ್ಟಿನಲ್ಲಿ ಸೈನ್ ಆಫ್ ಮಾಡಿ ಶಿಪ್ ಬಿಟ್ಟೆ.

ಊರಿನಲ್ಲಿ ಯಾರೂ ನಂಬಲಿಲ್ಲ! ಇಗರ್ಜಿಯ ಅಂಗಳದಲ್ಲಿ ಒಬ್ಬರು ಕಳ್ಳತನ ಮಾಡಿರಬೇಕು ಎಂದರಂತೆ. ಇನ್ನೊಬ್ಬರು ಕುಡಿತ ಎಂದರಂತೆ. ಶಿಪ್ಪಿನಲ್ಲಿ ಹೊಡೆದಾಟ ಆಗಿತ್ತು ಎಂಬ ಕಥೆಯೂ ಇತ್ತು. ಹೆಂಡತಿಯ ಕೆಲಸ ಉಳಿಯಲಿ ಎಂದು ಗಂಡ ಬಂದ ಎಂಬುದೊಂದನ್ನು ಬಿಟ್ಟು ಉಳಿದೆಲ್ಲವೂ ಅವರಿಗೆ ಸರಿ ಕಂಡಿತು.

ಅವಳ ಡ್ಯೂಟಿಗೆ ಹೊಂದುವ ಹಾಗೆ ನನಗೆ ಸಿಕ್ಕಿದ್ದು ಈ ಲಾಂಚ್ ನಡೆಸುವ ಕೆಲಸ.

ಸರಿ, ಅವತ್ತಿಗೆ ಬರುತ್ತೇನೆ.

ನಾನು ಇಳಿದು ನಿಂತು, ದಯವಿಟ್ಟು ಅರ್ಧ ಜನ ಇಳಿಯಿರಿ, ಎರಡು ಟ್ರಿಪ್ ಮಾಡುತ್ತೇನೆ ಎಂದೆ. ಇಳಿದದ್ದು ಏಳು ಜನ. ಮೊದಲು ಇಳಿದವರು ಮೀನು ಮಾರುವ ಗುಲಾಬಕ್ಕ, ಖಾಲಿ ಬುಟ್ಟಿ ಸೊಂಟದ ಮೇಲಿಟ್ಟುಕೊಂಡು.

ಧಣಿ ಇಂಜಿನ್ ನೋಡುತ್ತಿದ್ದ ಬಾಬುವಿಗೆ ನಡೆಸಲು ಹೇಳಿದರು. ಅವನಿಗೆ ಮನಸ್ಸಿರಲಿಲ್ಲ, ಆದರೆ ಮನೆಯಲ್ಲಿ ನಾಲ್ಕು ಮಕ್ಕಳು... ಹೊರಟ.

ಹೊಳೆಯ ನಡುವೆ ಲಾಂಚ್ ಒಂದು ಕಡೆಗೆ ವಾಲಿತು. ನೀರು ಒಳಗೆ ನುಗ್ಗಿ ಇಂಜಿನ್ ಸತ್ತಿತು. ಎಳೆತಕ್ಕೆ ಸಿಕ್ಕ ಲಾಂಚ್ ಅಳಿವೆಯ ಕಡೆ, ಹೊಳೆ ಸಮುದ್ರಕ್ಕೆ ಸೇರುವ ಬಾಯಿಗೆ, ಅಡ್ಡಡ್ಡ ಹೋಗುತ್ತಿದೆ. ಹೆಂಗಸರ ಕೂಗು ಜೆಟ್ಟಿಯವರೆಗೆ ಕೇಳುತ್ತಿದೆ.

ನಾನು ಓಡಿ ಹೋಗಿ, ದಡಕ್ಕೆ ಕಟ್ಟಿ ಹಾಕಿದ್ದ ಒಂದು ಮೀನಿನ ಬೋಟಿನವರನ್ನು ಎಬ್ಬಿಸಿ, ಅವರ ಜೊತೆ ಲಾಂಚಿನ ಹತ್ತಿರ ಹೋದೆ. ಹಗ್ಗ ಎಸೆದದ್ದು ನಾನೇ. ಮೂರನೇ ಸಲಕ್ಕೆ ಬಾಬುವಿನ ಕೈಗೆ ಸಿಕ್ಕಿತು. ಎಳೆದು ತಂದೆವು.

ಜೀವ ಹೋಗಲಿಲ್ಲ. ಬೀಡಿ ಕಟ್ಟುವ ಒಬ್ಬ ಅಜ್ಜಿಯ ಬಲಗೈ ಮುರಿಯಿತು. ಬೀಡಿ ಕಟ್ಟುವವರಿಗೆ ಬಲಗೈ ಎಂದರೆ ಎಂತ ಎಂದು ನಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಎರಡು ದಿನ ಬಿಟ್ಟು ಬಂದರಿನ ಆಫೀಸಿನಿಂದ ನನಗೆ ವಿಚಾರಣೆಗೆ ಕರೆ ಬಂತು. ಹಗೆಯಿಂದ ನಾನು ಇಳಿಯುವ ಮೊದಲು ಇಂಜಿನ್ ಹಾಳು ಮಾಡಿದ್ದೇನೆ ಎಂದು ಧಣಿ ದೂರು ಕೊಟ್ಟಿದ್ದರು!

ವಿಚಾರಣೆಯ ಆಫೀಸರ್ ಕೇಳಿದ ಮೊದಲ ಪ್ರಶ್ನೆ ಇಂಜಿನಿನದ್ದಲ್ಲ, ಜನ ಎಷ್ಟಿದ್ದರು ಎಂದೂ ಅಲ್ಲ. ಶಿಪ್ ಯಾಕೆ ಬಿಟ್ಟದ್ದು?

ಹೆಂಡತಿಯ ಕೆಲಸದ ವಿಷಯ ಹೇಳಿದೆ. ಅವರು ಗುಮಾಸ್ತನ ಮುಖ ನೋಡಿ ನಕ್ಕರು.

ಶಿಪ್ಪಿನ ದುಡಿಮೆಯ ದಾಖಲೆಯಾದ ನನ್ನ ಸೀಮನ್ ಪುಸ್ತಕ ಮೇಜಿನ ಮೇಲಿಟ್ಟೆ. ಪ್ರತಿ ವಾಯೇಜಿನ ಎದುರು ಕ್ಯಾಪ್ಟನ್ ಸಹಿ, ನಡತೆ "ವೆರಿ ಗುಡ್" ಎಂಬ ಸೀಲು. ಅವರು ಅದನ್ನು ಬಿಡಿಸಲೇ ಇಲ್ಲ. ಕೇಸ್ ಆದರೆ ಇದನ್ನು ಜಪ್ತಿ ಮಾಡುತ್ತೇವೆ ಎಂದರು. ಅದು ಹೋದರೆ ಮತ್ತೆ ಜೀವಮಾನದಲ್ಲಿ ಶಿಪ್ ಹತ್ತುವ ಹಾಗಿಲ್ಲ.

ಆಗ ಗುಲಾಬಕ್ಕ ಬಾಗಿಲಿಗೆ ಬಂದರು, ಹಿಂದೆ ಬಾಬು. ಜವಾನ ತಡೆದ. ಅವರು ಬುಟ್ಟಿಯನ್ನು ಹೊಸ್ತಿಲಲ್ಲೇ ಇಟ್ಟು ಒಳಗೆ ಬಂದರು. ನನ್ನಂಥ ಕ್ರಿಶ್ಚಿಯನ್ ಗಂಡಸನ್ನು, ಒಬ್ಬನೇ ಇದ್ದರೂ, ತುಳುವರು ಮರ್ಯಾದೆಗೆ ಪೊರ್ಬುಗಳು ಎನ್ನುವುದು.

"ಈ ಪೊರ್ಬುಗಳು ಇಳಿಯಿರಿ ಅಂತ ಹೇಳಿದ್ರು, ನಾನು ಇಳಿದೆ. ಅದಕ್ಕೆ ಇವತ್ತು ಮಾತಾಡ್ಲಿಕ್ಕೆ ನನ್ನ ಬಾಯಿ ಉಂಟು. ಅದನ್ನು ಬರೆಯಿರಿ. ಬರೆಯದೆ ನಾನು ಇಲ್ಲಿಂದ ಏಳುವುದಿಲ್ಲ," ಎಂದು ನೆಲದಲ್ಲಿ ಕೂತೇ ಬಿಟ್ಟರು.

ಬಾಬುವೂ ಬಾಯಿ ಬಿಟ್ಟ. ಇಂಜಿನ್ ಸರಿ ಇತ್ತು, ಭಾರಕ್ಕೆ ನೀರು ಹೊಕ್ಕಿತು, ಧಣಿಯೇ ಹೊರಡಿಸಿದ್ದು ಎಂದ. ಗುಮಾಸ್ತ ಬರೆದುಕೊಂಡ. ಗುಲಾಬಕ್ಕ ಹೆಬ್ಬೆಟ್ಟು ಒತ್ತಿದರು.

ನನ್ನನ್ನು ಬಿಟ್ಟರು. ಕ್ಷಮೆ ಎಂಬ ಶಬ್ದ ಯಾರ ಬಾಯಿಂದಲೂ ಬರಲಿಲ್ಲ. ಬಾಬುವಿನ ಕೆಲಸ ಹೋಯಿತು. ಧಣಿಯ ಲಾಂಚ್ ಹತ್ತನೇ ದಿನಕ್ಕೆ ಪುನಃ ಓಡಿತು, ಹಾಗೆಯೇ ಜನ ತುಂಬಿಸಿಕೊಂಡು.

ನಾನೂ ಬಾಬುವೂ ಒಂದು ಬೋಟ್ ಕಟ್ಟುವ ಯಾರ್ಡಿಗೆ ಸೇರಿದೆವು. ಮೂರು ವರ್ಷ ಅಲ್ಲಿ ದುಡಿದೆ. ಲೀನಾ ಪರ್ಮನೆಂಟ್ ಆದಳು, ಮಗಳು ಶಾಲೆಗೆ ಹೋದಳು. ಮತ್ತೆ ನಾನು ಶಿಪ್ಪಿಗೆ ಹೊರಟೆ.

ಹೊರಡುವ ದಿನ ನೆರೆಮನೆಯವರು ಗೇಟಿನ ಹತ್ತಿರ ಬಂದು, ಅಂತೂ ನಿಮ್ಮನ್ನು ಪುನಃ ತೆಗೆದುಕೊಂಡರಲ್ಲ, ದೇವರು ದೊಡ್ಡವ ಎಂದರು.

ಲೀನಾ ನೈಟ್ ಡ್ಯೂಟಿ ಮುಗಿಸಿ ಬಂದವಳು, ಯೂನಿಫಾರ್ಮಿನಲ್ಲೇ ಇದ್ದಳು. ಅವಳು ಮೆಲ್ಲಗೆ ಹೇಳಿದಳು, "ತೆಗೆದುಕೊಂಡದ್ದಲ್ಲ. ನಾನು ಕಳಿಸುವುದು."

ನೀವೇ ಹೇಳಿ, ನೀವು ಇಷ್ಟಪಟ್ಟು ಮಾಡಿದ ಒಂದು ಕೆಲಸಕ್ಕೆ ಊರು ಎಷ್ಟು ಕಾರಣ ಹುಡುಕಿತ್ತು?